ಪರದೆ ಕಿತ್ತ ಗಿಟಾರು

ಹದಡಿಯಲ್ಲಿ ನೆಂಟರ ಮನೆಯ ಮದುವೆ. ರಾತ್ರಿ ಉಳಿದುಕೊಂಡವರಿಗೆ ಚಾಪೆ ಸಾಲದೆ ಹುಡುಗರಿಬ್ಬರು ಅಟ್ಟ ಹತ್ತಿದರು. ಚಾಪೆಯ ಸುರುಳಿಗಳ ಹಿಂದೆ ಹಳೆ ಸೀರೆಯಲ್ಲಿ ಸುತ್ತಿಟ್ಟಿದ್ದ ಉದ್ದನೆಯ ವಸ್ತುವೊಂದು ಅವರ ಕೈಗೆ ಸಿಕ್ಕಿತು. ಇಳಿಸಿ ಬಿಚ್ಚಿದರೆ ಬೇಸ್ ಗಿಟಾರು. ನಾಲ್ಕು ದಪ್ಪ ತಂತಿಗಳಲ್ಲಿ ಒಂದು ತುಂಡಾಗಿತ್ತು, ಉಳಿದವು ತುಕ್ಕು ಹಿಡಿದಿದ್ದವು. ಆದರೆ ನಮ್ಮ ಕಣ್ಣು ಹೋದದ್ದು ಅದರ ಕತ್ತಿನ ಮೇಲೆ. ಗಿಟಾರಿನ ಕತ್ತಿನಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಕೂರಿಸಿರುವ ಲೋಹದ ಪಟ್ಟಿಗಳಿರುತ್ತವಲ್ಲ, ಇದರಲ್ಲಿ ಒಂದೂ ಇರಲಿಲ್ಲ. ಅವಿದ್ದ ಜಾಗದಲ್ಲಿ ಬೂದು ಬಣ್ಣದ ತೆಳ್ಳನೆಯ ಗೆರೆಗಳಷ್ಟೇ ಉಳಿದಿದ್ದವು.

ವಾದ್ಯ ನಮ್ಮ ಮಾಮುವಿನದು. ಈಗ ಎಪ್ಪತ್ತು ದಾಟಿರುವ ಅವರು ಹಗಲು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ತಿರುಗಿಸುತ್ತಿದ್ದರು, ರಾತ್ರಿ ದಾವಣಗೆರೆಯ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲು, ಉರುಸು, ಮದುವೆ ಎಲ್ಲದಕ್ಕೂ ಅದೇ ತಂಡ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳನ್ನು ವೇದಿಕೆಯ ಮೇಲೆ ನುಡಿಸಬೇಕಾದರೆ ಬೇಸ್ ಇಲ್ಲದೆ ಆಗುತ್ತಿರಲಿಲ್ಲವೆಂದು ಅವರು ಈಗಲೂ ಅಭಿಮಾನದಿಂದ ಹೇಳುತ್ತಾರೆ.

“ಪಟ್ಟಿ ಎಲ್ಲಿ ಹೋದವು ಮಾಮು?” ಎಂದು ಕೇಳಿದೆವು.

“ನಾನೇ ಕಿತ್ತೆ ಬೇಟಾ. ಇಕ್ಕಳದಲ್ಲಿ ಒಂದೊಂದಾಗಿ ಕಿತ್ತು, ಸಂದಿಗೆ ಎಂಸೀಲ್ ತುಂಬಿ, ಉಪ್ಪುಕಾಗದ ಹಾಕಿ ಉಜ್ಜಿದೆ. ಗಜಲ್ ಹಾಡುವ ಹುಡುಗನೊಬ್ಬ ಬರುತ್ತಿದ್ದ. ಅವನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತಿದ್ದ, ನನ್ನದು ಮೆಟ್ಟಿಲು ಹತ್ತಿದ ಹಾಗೆ ಟಕ್ ಟಕ್ ಅನ್ನುತ್ತಿತ್ತು. ನಾಚಿಕೆ ಆಗುತ್ತಿತ್ತು.”

ಆಗ ಕೇರಿಯ ಹುಡುಗರು ಅವರನ್ನು ರೇಗಿಸುತ್ತಿದ್ದರಂತೆ, “ಪರ್ದಾ ನಿಕಾಲ್ ದಿಯೇ ಕ್ಯಾ ಭಾಯಿ?” ಪರದೆ ತೆಗೆಸಿಬಿಟ್ಟಿರಾ ಎಂದು. ಹುಡುಗರ ಆ ಚೇಷ್ಟೆಯಲ್ಲಿ ಅವರಿಗೇ ತಿಳಿಯದ ಒಂದು ಸತ್ಯವಿತ್ತು. ಫಾರಸಿ ಮತ್ತು ಉರ್ದುವಿನಲ್ಲಿ ತಂತಿವಾದ್ಯದ ಈ ಅಡ್ಡಪಟ್ಟಿಗೆ ಇರುವ ಹೆಸರೇ ‘ಪರ್ದಾ’. ತುರ್ಕಿ ಭಾಷೆಯಲ್ಲೂ ಅದೇ, ‘ಪೆರ್ದೆ’. ಸಿತಾರದವರು ಇಂದಿಗೂ ಪರದೆ ಕಟ್ಟುವುದು, ಪರದೆ ಸರಿಸುವುದು ಎನ್ನುತ್ತಾರೆ. ನಮ್ಮ ವೀಣೆಯವರು ಅದನ್ನು ಮೆಟ್ಟಿಲು ಎಂದು ಕರೆಯುತ್ತಾರೆ. ಒಂದೇ ವಸ್ತುವನ್ನು ಒಬ್ಬರು ಹತ್ತುವ ಸಾಧನವಾಗಿ ಕಂಡರು, ಇನ್ನೊಬ್ಬರು ಮರೆಮಾಡುವ ಬಟ್ಟೆಯಾಗಿ ಕಂಡರು. ಎರಡೂ ನಿಜ. ಪರದೆ ಇದ್ದರೆ ಸ್ವರದ ಜಾಗ ಗೊತ್ತಾಗುತ್ತದೆ, ಬೆರಳು ಸ್ವಲ್ಪ ಹಿಂದುಮುಂದಾದರೂ ನಾದ ಸರಿಯಾಗಿಯೇ ಬರುತ್ತದೆ. ಆದರೆ ಎರಡು ಪರದೆಗಳ ನಡುವೆ ಇರುವ ಅಸಂಖ್ಯ ಸ್ವರಗಳು ಅದರ ಹಿಂದೆಯೇ ಉಳಿದುಬಿಡುತ್ತವೆ. ವೀಣೆ, ಸಿತಾರಗಳಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಅವನ್ನು ಈಚೆ ತರುತ್ತಾರೆ. ಬೇಸ್ ಗಿಟಾರಿನ ತಂತಿ ಹಗ್ಗದಷ್ಟು ಬಿಗಿ, ಅಷ್ಟು ದೂರ ಎಳೆಯಲಾಗದು. ಹಾಗಾಗಿ ಪರದೆಯನ್ನೇ ಕೀಳಬೇಕು.

ಕಿತ್ತ ಮೇಲೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಸಾಮಾನ್ಯ ಬೇಸ್ ಗಿಟಾರಿನ ತಂತಿಯ ಉದ್ದ 34 ಇಂಚು. ಮೊದಲ ಅರ್ಧಸ್ವರ ಸಿಗುವುದು ತುದಿಯಿಂದ ಸುಮಾರು 1.9 ಇಂಚು ದೂರದಲ್ಲಿ. ಪಿಟೀಲಿನಲ್ಲಿ ಇದೇ ಅಂತರ ಮುಕ್ಕಾಲು ಇಂಚೂ ಇಲ್ಲ. ಬೇಸ್ ನುಡಿಸುವವನ ಕೈ ದೂರ ದೂರ ಜಿಗಿಯಬೇಕು, ಇಳಿಯುವಾಗ ನೂಲಿನಷ್ಟು ಆಚೀಚೆ ಆಗಬಾರದು. ಕಣ್ಣಿಗೆ ಇಲ್ಲಿ ಕೆಲಸ ಕಡಿಮೆ, ಕಿವಿಯದೇ ಕಾರುಬಾರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಪಿಟೀಲು ಕಲಿಯುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಷ್ಟಕ್ಕೆ ಪ್ರತಿಫಲವೂ ಉಂಟು. ಲೋಹದ ಬದಲು ಮರದ ಮೇಲೆ ಒತ್ತಿದ ತಂತಿ ಹಲಗೆಗೆ ಮೆಲ್ಲಗೆ ತಾಗುತ್ತಾ ಕಂಪಿಸುವುದರಿಂದ ನಾದ ಒಂದೇ ಏಟಿಗೆ ಹೊರಡುವುದಿಲ್ಲ, ‘ಮ್ವಾ’ ಎಂದು ಬಾಯಿ ತೆರೆದಂತೆ ಅರಳುತ್ತದೆ. ಮನುಷ್ಯನ ಕಂಠಕ್ಕೆ ಇಷ್ಟು ಸಮೀಪದ ದನಿ ಗಿಟಾರಿನ ವಂಶದಲ್ಲಿ ಮತ್ತೊಂದಿಲ್ಲ. ಒಮ್ಮೆ ಇದರ ರುಚಿ ಹತ್ತಿದವರು ಮತ್ತೆ ಪರದೆಯ ವಾದ್ಯಕ್ಕೆ ಮರಳಿದರೂ ಮನಸ್ಸು ಇಲ್ಲೇ ಇರುತ್ತದೆ.

ವಿಚಿತ್ರವೆಂದರೆ ಬೇಸ್ ಗಿಟಾರು ಹುಟ್ಟಿದ್ದೇ ಪರದೆಯ ಹೆಗ್ಗಳಿಕೆಯಿಂದ. ಅದಕ್ಕೆ ಮುಂಚೆ ಪಾಶ್ಚಾತ್ಯ ತಂಡಗಳಲ್ಲಿ ಮಂದ್ರದ ಕೆಲಸ ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದಕ್ಕೆ ಪರದೆ ಇಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪರದೆಗಳಿರುವ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂದು ಅದಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟ. ಕರಾರುವಾಕ್ಕು ಎಂದರ್ಥ. ಯಾರು ಒತ್ತಿದರೂ ಸ್ವರ ತಪ್ಪದು ಎಂಬುದೇ ಅದರ ಜಾಹೀರಾತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 1961ರಲ್ಲಿ, ಇಂಗ್ಲೆಂಡಿನ ಬಿಲ್ ವೈಮನ್ ತನ್ನ ಅಗ್ಗದ ಬೇಸಿನ ಸವೆದ ಪಟ್ಟಿಗಳನ್ನು ಬದಲಿಸಲೆಂದು ಕಿತ್ತವನು ಆ ನಾದವನ್ನು ಮೆಚ್ಚಿ ಹಾಗೆಯೇ ಬಿಟ್ಟ. ಅವನು ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಸೇರಿದ. 1966ರಲ್ಲಿ ಆಂಪೆಗ್ ಕಂಪನಿ ಪರದೆ ಇಲ್ಲದ ಬೇಸನ್ನು ತಯಾರಿಸಿ ಮಾರತೊಡಗಿತು, 1970ರಲ್ಲಿ ಫೆಂಡರ್ ಕಂಪನಿಯೂ ಅದೇ ದಾರಿ ಹಿಡಿಯಿತು.

ಈ ವಾದ್ಯಕ್ಕೆ ನಿಜವಾದ ಮಾನ ತಂದುಕೊಟ್ಟವನು ಫ್ಲೋರಿಡಾದ ಜಾಕೊ ಪಾಸ್ಟೋರಿಯಸ್. 1962ರ ಫೆಂಡರ್ ಜಾಜ್ ಬೇಸೊಂದರ ಪಟ್ಟಿ ತೆಗೆದು, ಸಂದಿ ಮುಚ್ಚಿ, ತಂತಿ ಮರವನ್ನು ತಿನ್ನದಿರಲೆಂದು ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಅದರ ಮೇಲೆ ಬಳಿದಿದ್ದ. 1976ರಲ್ಲಿ ಬಂದ ಅವನ ಮೊದಲ ಧ್ವನಿಮುದ್ರಿಕೆ ಕೇಳಿದ ಮೇಲೆ ಬೇಸ್ ಎಂದರೆ ಹಿಂದೆ ನಿಂತು ಗುಂಯ್‌ಗುಟ್ಟುವ ವಾದ್ಯ ಎಂಬ ಮಾತು ಹೋಯಿತು. ಕೊನೆಗಾಲ ಮಾತ್ರ ಘೋರ. ಮನಸ್ಸಿನ ಕಾಯಿಲೆ, ಕುಡಿತ, ಬೀದಿಪಾಲು. 1986ರಲ್ಲಿ ನ್ಯೂಯಾರ್ಕಿನ ಉದ್ಯಾನದಲ್ಲಿ ಆ ಬೇಸ್ ಕಳವಾಯಿತು. ಮರುವರ್ಷ ಕ್ಲಬ್ಬೊಂದರ ಹೊರಗೆ ಹೊಡೆತ ತಿಂದು, 35ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಎರಡು ದಶಕಗಳ ನಂತರ ಬೇಸ್ ಪತ್ತೆಯಾಗಿ, ಮೆಟಾಲಿಕಾ ತಂಡದ ರಾಬರ್ಟ್ ಟ್ರುಹಿಯೊ ನೆರವಿನಿಂದ ಅವನ ಮನೆಯವರಿಗೆ ಮರಳಿತು.

ನಮ್ಮ ಮಾಮು ಜಾಕೊ ಹೆಸರನ್ನು ಕೇಳಿದವರಲ್ಲ. ಎಂಸೀಲ್ ಕೂಡ ಎಪಾಕ್ಸಿಯೇ ಎಂದು ನಾವು ಹೇಳಿದಾಗ, “ಹೌದಾ? ಪೈಪು ಸೋರಿದರೆ ಹಾಕುವುದು ಅದು” ಎಂದು ನಕ್ಕರು. ದೂರದ ಎರಡು ಊರುಗಳಲ್ಲಿ ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ಕೆಲಸ ಮಾಡಿದ್ದಾರೆಂದರೆ, ಅವರಿಬ್ಬರಿಗಿಂತ ಹಳೆಯದಾದ ಒಂದು ಹಂಬಲ ಅದರ ಹಿಂದೆ ಇರಲೇಬೇಕು. ಅದನ್ನು ಹುಡುಕುತ್ತಾ ಹೋದರೆ ನಾವು ಮುಟ್ಟುವುದು ಬಗ್ದಾದನ್ನು.

ಗಿಟಾರು, ಲ್ಯೂಟ್ ಮೊದಲಾದ ಐರೋಪ್ಯ ವಾದ್ಯಗಳ ಚರಿತ್ರೆಯಲ್ಲಿ ಅರಬರ ‘ಊದ್’ಗೆ ದೊಡ್ಡ ಸ್ಥಾನವಿದೆ. ‘ಅಲ್ ಊದ್’ ಎಂಬ ಮಾತೇ ಸ್ಪೇನಿನ ಮೂಲಕ ಹಾದು ‘ಲ್ಯೂಟ್’ ಆಯಿತು. ಹಾರೂನ್ ರಶೀದನ ಕಾಲದ ಬಗ್ದಾದಿನಲ್ಲಿ ಮನ್ಸೂರ್ ಝಲ್ಝಲ್ ಎಂಬ ಊದ್ ವಾದಕನಿದ್ದ. ಕೋಮಲವೂ ಅಲ್ಲದ, ಶುದ್ಧವೂ ಅಲ್ಲದ, ಎರಡರ ನಡುವಿನ ಗಾಂಧಾರವೊಂದನ್ನು ಮಧ್ಯದ ಬೆರಳಿನಿಂದ ಹಿಡಿದು ಅವನು ಪ್ರಸಿದ್ಧನಾದ. ಆ ಸ್ವರಕ್ಕೆ ‘ಝಲ್ಝಲನ ಮಧ್ಯಬೆರಳು’ ಎಂದೇ ಹೆಸರು ನಿಂತಿತು. ನೂರೈವತ್ತು ವರ್ಷಗಳ ನಂತರ ತತ್ತ್ವಜ್ಞಾನಿ ಅಲ್ ಫಾರಾಬಿ ತನ್ನ ಸಂಗೀತದ ಮಹಾಗ್ರಂಥದಲ್ಲಿ ಅದರ ಪ್ರಮಾಣವನ್ನು 27:22 ಎಂದು ಲೆಕ್ಕಹಾಕಿ ಬರೆದಿಟ್ಟ. ಆ ಕಾಲದ ಗ್ರಂಥಗಳು ಊದ್‌ನ ಪರದೆಗಳ ಬಗ್ಗೆ ವಿಸ್ತಾರವಾಗಿ ಚರ್ಚಿಸುತ್ತವೆ. ಇಂದಿನ ಊದ್‌ನಲ್ಲಿ ಮಾತ್ರ ಪರದೆ ಇಲ್ಲ. ಒಬ್ಬ ವಾದಕನ ಬೆರಳಿಗೆ ಹೆಸರು ಕೊಟ್ಟು ಗೌರವಿಸಿದ ನಾಗರಿಕತೆ ಕಡೆಗೆ ಬೆರಳುಗಳನ್ನೇ ನಂಬಿ ಪಟ್ಟಿಗಳನ್ನು ಬಿಟ್ಟುಕೊಟ್ಟಿತೆನ್ನಬಹುದು.

ಝಲ್ಝಲನ ಸ್ವರ ಪುಸ್ತಕದಲ್ಲಷ್ಟೇ ಉಳಿದಿಲ್ಲ. ಅರಬರ ‘ರಾಸ್ತ್’ ಮಕಾಮ್‌ನ ಮೂರನೆಯ ಸ್ವರ ಇಂಥದೇ ನಡುವಿನ ಸ್ವರ. ಕೈರೋ, ಇಸ್ತಾಂಬುಲ್‌ಗಳಲ್ಲಿ ಮುಅಝ್ಝಿನರು ಅಜಾನನ್ನು ಮಕಾಮ್‌ಗಳಲ್ಲಿ ಹೇಳುವ ಪರಂಪರೆ ಇದೆ. ತುರ್ಕಿಯಲ್ಲಿ ಫಜ್ರ್‌ಗೆ ‘ಸಬಾ’ ಎಂಬುದು ವಾಡಿಕೆ. ಅಜಾನ್ ಸಂಗೀತವೆಂದು ನಾವು ಹೇಳುತ್ತಿಲ್ಲ, ಹೇಳಲೂಬಾರದು. ಆದರೆ ಆ ಕರೆಯಲ್ಲಿ ಜಾರಿ ಏರುವ ದನಿಯನ್ನು ಹಾರ್ಮೋನಿಯಮ್ಮಿನ ಮನೆಗಳಲ್ಲಿ ಹಿಡಿಯಲು ಯಾರಾದರೂ ಹೊರಟರೆ ಸೋಲುತ್ತಾರೆ. ಪರದೆ ಇಲ್ಲದ ತಂತಿಯ ಮೇಲಾದರೆ ಹತ್ತಿರ ಬರಬಹುದು. ನಮ್ಮಲ್ಲಿ ವಾದ್ಯವನ್ನು ದೂರವಿಟ್ಟವರ ಕಿವಿಯೂ ದಿನಕ್ಕೆ ಐದು ಸಲ ಈ ನಡುವಿನ ಸ್ವರಗಳಿಂದಲೇ ಪಳಗಿದೆ.

ಊದ್‌ನ ನೆಂಟನೆನ್ನಬಹುದಾದ ಅಫಘಾನರ ರಬಾಬ್ ಪಠಾಣರ ಜತೆಗೆ ಹಿಂದುಸ್ತಾನಕ್ಕೆ ಬಂತು. ಅದಕ್ಕೆ ಮರದ ಹಲಗೆ, ಕರುಳಿನ ತಂತಿ, ಕತ್ತಿನ ಮೇಲ್ಭಾಗದಲ್ಲಿ ಮೂರೋ ನಾಲ್ಕೋ ಪರದೆ. 19ನೆಯ ಶತಮಾನದಲ್ಲಿ ಯಾರೋ ಅದರ ಪರದೆಗಳನ್ನು ತೆಗೆದು, ಮರದ ಮೇಲೆ ಉಕ್ಕಿನ ತಗಡು ಹೊದಿಸಿ, ಲೋಹದ ತಂತಿ ಬಿಗಿದರು. ಸರೋದ್ ಆಯಿತು. ಆ ‘ಯಾರೋ’ ತಮ್ಮ ಹಿರಿಯರೇ ಎಂದು ಹಲವು ಪಠಾಣ ಮನೆತನಗಳು ಹೇಳಿಕೊಳ್ಳುತ್ತವೆ. ವಾಜಿದ್ ಅಲಿ ಶಾಹನ ಆಶ್ರಯದಲ್ಲಿದ್ದ ನಿಯಾಮತುಲ್ಲಾ ಖಾನರ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಆ ಜಗಳಕ್ಕೆ ನಾವು ಹೋಗುವುದಿಲ್ಲ. ಎಡಗೈ ಉಗುರಿನ ಅಂಚಿನಿಂದ ತಂತಿಯನ್ನು ಒತ್ತಿ ತಗಡಿನ ಮೇಲೆ ಜಾರಿಸುವ ಈ ವಾದ್ಯ ಕನ್ನಡನಾಡಿಗೆ ಹೇಗೆ ಬಂತೆಂಬುದು ನಮಗೆ ಮುಖ್ಯ.

ಹರಿಹರದಲ್ಲಿ ಹರಿಯುವ ತುಂಗಭದ್ರೆಯ ಜತೆಗೇ ಕೆಳಕ್ಕೆ ಹೋದರೆ ರಾಯಚೂರು ಸೀಮೆ ಬರುತ್ತದೆ. ಅದು ನಿಜಾಮರ ಆಡಳಿತದಲ್ಲಿದ್ದಾಗ ಪಂಡಿತ ತಾರಾನಾಥರು ಅಲ್ಲೊಂದು ರಾಷ್ಟ್ರೀಯ ಶಾಲೆ ತೆರೆದರು. ಅದಕ್ಕೆ ಅವರಿಟ್ಟ ಹೆಸರು ‘ಹಮ್ದರ್ದ್’. ನೋವಿನಲ್ಲಿ ಜತೆಯಾಗುವವನು ಎಂದರ್ಥ. ಮುಂದೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಎಂಬ ಆಶ್ರಮ ಕಟ್ಟಿದರು. ವೈದ್ಯ, ಲೇಖಕ, ಸಂಗೀತಗಾರ ಎಲ್ಲವೂ ಆಗಿದ್ದ ಅವರಿಂದಲೇ ಮಗ ರಾಜೀವ ತಾರಾನಾಥರಿಗೆ ಸಂಗೀತದ ಮೊದಲ ಪಾಠ ಸಿಕ್ಕಿತು. 1932ರಲ್ಲಿ ಹುಟ್ಟಿದ ರಾಜೀವರಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ಇಲ್ಲವಾದರು. ಹಾಡುಗಾರಿಕೆಯಲ್ಲಿ ಬೆಳೆಯುತ್ತಿದ್ದ ಆ ತರುಣ 1950ರ ದಶಕದ ಆರಂಭದಲ್ಲಿ ಬೆಂಗಳೂರಿನ ಕಛೇರಿಯೊಂದರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕೇಳಿ, ಇನ್ನು ತನಗೆ ಬೇಕಾದ್ದು ಇದೇ ಎಂದು ಕಲ್ಕತ್ತೆಗೆ ಹೋಗಿ ಅವರ ಶಿಷ್ಯನಾದರು. ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟು, ಪ್ರಾಧ್ಯಾಪಕ ವೃತ್ತಿ, 1970ರ ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ, ಇಂಥ ಎಷ್ಟೋ ಕೆಲಸಗಳ ನಡುವೆ ಸರೋದ್ ಬಿಡಲಿಲ್ಲ. ಕಡೆಗೆ ಪ್ರಾಧ್ಯಾಪಕ ವೃತ್ತಿಯನ್ನೇ ಬಿಟ್ಟರು. 2024ರ ಜೂನ್ 11ರಂದು ಮೈಸೂರಿನಲ್ಲಿ ನಿಧನರಾದರು.

ಈ ಪರಂಪರೆಯನ್ನೊಮ್ಮೆ ನೋಡಬೇಕು. ಅಲಿ ಅಕ್ಬರರ ತಂದೆ ಅಲ್ಲಾವುದ್ದೀನ್ ಖಾನರು ಈಗಿನ ಬಾಂಗ್ಲಾದೇಶದ ಹಳ್ಳಿಯಲ್ಲಿ ಹುಟ್ಟಿ ಮೈಹರದಲ್ಲಿ ನೆಲೆಸಿದವರು. ನಮಾಜು ತಪ್ಪಿಸದವರು, ಬೆಟ್ಟದ ಶಾರದೆಯ ಭಕ್ತರೂ ಆಗಿದ್ದವರು. ಕಾಬೂಲಿನ ದಾರಿಯಿಂದ ಬಂದ ವಾದ್ಯ, ಬಂಗಾಳದ ಮುಸಲ್ಮಾನ ಗುರು, ‘ಹಮ್ದರ್ದ್’ ಶಾಲೆ ಕಟ್ಟಿದ ಕರಾವಳಿ ಮೂಲದ ಬ್ರಾಹ್ಮಣರ ಮಗ. ಇಂಥ ಸರಪಳಿಗಳನ್ನು ‘ಸೌಹಾರ್ದ’ ಎಂಬ ಒಂದೇ ಪದದಲ್ಲಿ ಕಟ್ಟಿ ಭಾಷಣಕ್ಕೆ ಬಳಸುವುದು ನಮಗೆ ಅಷ್ಟಾಗಿ ಹಿಡಿಸದು. ಅವರು ಸೌಹಾರ್ದಕ್ಕಾಗಿ ಸೇರಿದವರಲ್ಲ. ಒಂದು ನಾದ ಬೇಕಾಗಿತ್ತು, ಅದು ಯಾರ ಮನೆಯಲ್ಲಿತ್ತೋ ಅಲ್ಲಿಗೆ ಹೋದರು.

ಸರೋದಿಗಿಂತ ಹೆಚ್ಚು ಆಳವಾಗಿ ನಮ್ಮ ನೆಲಕ್ಕಿಳಿದದ್ದು ಸಾರಂಗಿ. ಆದರೆ ಅದು ವಾದ್ಯವಾಗಿ ಇಳಿಯಲಿಲ್ಲ. ಒಂದೇ ಮರದ ದಿಮ್ಮಿಯಲ್ಲಿ ಕೊರೆದ, ಮೂರು ಕರುಳಿನ ತಂತಿಗಳಿರುವ, ಉಗುರಿನ ಬುಡದಿಂದ ತಂತಿಯ ಪಕ್ಕಕ್ಕೆ ಒತ್ತಿ ನುಡಿಸುವ ವಾದ್ಯ ಅದು. ಕಲಿಯುವವನ ಉಗುರಿನ ಬುಡದಲ್ಲಿ ರಕ್ತ ಬರುತ್ತದೆ. ಹಾಡುವವರ ಹಿಂದೆ ಕುಳಿತು ಕಂಠವನ್ನು ನೆರಳಿನಂತೆ ಅನುಸರಿಸುವುದು ಅದರ ಕೆಲಸ. ಉತ್ತರದ ಕಿರಾನಾ ಎಂಬ ಊರಿನ ಸಾರಂಗಿ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು ಸಾರಂಗಿಯನ್ನು ಬಿಟ್ಟು ಹಾಡುಗಾರರಾದರು. ಬಿಟ್ಟರೆನ್ನುವುದೂ ತಪ್ಪೇ, ಸಾರಂಗಿಯ ಜಾರುನಡೆಯನ್ನು ಕಂಠಕ್ಕೆ ತಂದುಕೊಂಡರು. ಮಿರಜಿನಲ್ಲಿ ನೆಲೆಸಿ, ಹುಬ್ಬಳ್ಳಿ ಧಾರವಾಡ ಮೈಸೂರುಗಳಿಗೆ ಬಂದುಹೋಗುತ್ತಿದ್ದ ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಧಾರವಾಡದ ಮಣ್ಣಿನ ಗುಣ ಎಂದು ನಾವು ಹೆಮ್ಮೆಪಡುವ ಗಾಯನದ ಒಳಗೆ ಪರದೆ ಇಲ್ಲದ ಒಂದು ಮುಸಲ್ಮಾನ ವಾದ್ಯ ಮೌನವಾಗಿ ಕುಳಿತಿದೆ. ಸ್ವರವನ್ನು ಒಮ್ಮೆಲೇ ಹಿಡಿಯದೆ, ಕೆಳಗಿನಿಂದ ಮೆಲ್ಲಗೆ ತಡವುತ್ತಾ ಬಂದು ಮುಟ್ಟುವ ಆ ರೀತಿ ಸಾರಂಗಿಯ ಕೊಡುಗೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ಇದೇ ಖಾನ್ ಸಾಹೇಬರ ಕಂಠವನ್ನು ಆಧಾರವಾಗಿಟ್ಟುಕೊಂಡು ಸಾಂಗ್ಲಿಯ ಕೆ.ಬಿ. ದೇವಲ್ ಅವರು ಶ್ರುತಿಗಳನ್ನು ಅಳೆಯಲು ಹೊರಟರು. 1910ರ ಸುಮಾರಿನಲ್ಲಿ ಅವರೂ ಇಂಗ್ಲಿಷ್ ನ್ಯಾಯಾಧೀಶ ಇ. ಕ್ಲೆಮೆಂಟ್ಸ್ ಅವರೂ ಸೇರಿ 22 ಶ್ರುತಿಗಳ ಹಾರ್ಮೋನಿಯಂ ಪ್ರಚಾರಕ್ಕೆ ತರಲು ಯತ್ನಿಸಿದರು. ಅದು ನಿಲ್ಲಲಿಲ್ಲ, ಸಾಮಾನ್ಯ ಹಾರ್ಮೋನಿಯಮ್ಮೇ ಗೆದ್ದಿತು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿತ್ತು. ಆದರೂ ನಾಟಕದ ಕಂಪನಿಗಳಲ್ಲಿ, ಭಜನೆಯಲ್ಲಿ, ಕವ್ವಾಲಿಯಲ್ಲಿ, ಕಡೆಗೆ ಶಾಸ್ತ್ರೀಯ ಗಾಯಕರ ಪಕ್ಕದಲ್ಲೂ ಸಾರಂಗಿಯ ಜಾಗದಲ್ಲಿ ಅದು ಬಂದು ಕುಳಿತಿತು. ಪಿಟೀಲಿನ ಕಥೆ ಬೇರೆ. ಅದೂ ಪರದೇಶದ್ದೇ. ಆದರೆ ಅದಕ್ಕೆ ಪರದೆ ಇರಲಿಲ್ಲವಾಗಿ ಕರ್ನಾಟಕ ಸಂಗೀತ ಅದನ್ನು ತನ್ನದೇ ಮಗುವಿನಂತೆ ಎತ್ತಿಕೊಂಡಿತು, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ವೀಣೆಯ ಮೆಟ್ಟಿಲು ತೆಗೆದಂತಿರುವ ಗೋಟುವಾದ್ಯಕ್ಕೂ ಮೈಸೂರು ಆಸ್ಥಾನದಲ್ಲಿ ನಾರಾಯಣ ಅಯ್ಯಂಗಾರರ ಮೂಲಕ ಗೌರವ ಸಿಕ್ಕಿತು.

ಸಾರಂಗಿ ಸೋತದ್ದು ಹಾರ್ಮೋನಿಯಮ್ಮಿನಿಂದ ಮಾತ್ರವೇ? ಇಲ್ಲಿ ನಾವು ನಮ್ಮ ಮನೆಯೊಳಗಿನ ಮಾತನ್ನೂ ಆಡಬೇಕಾಗುತ್ತದೆ. ಸಾರಂಗಿಯವರು ತವಾಯಫರ ಜತೆಗಾರರೆಂಬ ಕಾರಣಕ್ಕೆ ಸಮಾಜ ಅವರನ್ನು ಕೀಳಾಗಿ ಕಂಡಿತು. ಹೊರಗಿನವರು ಕೋಠಿಯವರೆಂದರು, ಒಳಗಿನವರು ಹರಾಮಿನವರೆಂದರು. ಎರಡೂ ಕಡೆಯಿಂದ ಏಟು ತಿಂದ ತಂದೆಯರು ಮಕ್ಕಳ ಕೈಗೆ ಆ ವಾದ್ಯ ಕೊಡಲು ಹಿಂಜರಿದರೆ ಆಶ್ಚರ್ಯವಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಧಾರವಾಡ ಮೂಲದ ಉಸ್ತಾದ್ ಫಯಾಜ್ ಖಾನರಂಥವರು ಸಾರಂಗಿಯನ್ನು ಕೈಬಿಡದೆ ಮಗನಿಗೂ ಕಲಿಸಿದ್ದು ಸಣ್ಣ ಸಂಗತಿಯಲ್ಲ.

ಮಾಮುವಿನ ಕಥೆಯೂ ಇದಕ್ಕಿಂತ ದೂರವಿಲ್ಲ. ಮಗಳ ಮದುವೆಯ ಮಾತುಕತೆಗೆ ಬಂದವರು, “ಹುಡುಗಿಯ ಅಬ್ಬಾ ಬಾಜಾ ಬಾರಿಸುತ್ತಾರಂತೆ” ಎಂದು ಮುಖ ತಿರುಗಿಸಿದರು. ಹಿರಿಯರೊಬ್ಬರು ಬಂದು ಬುದ್ಧಿ ಹೇಳಿದರು. ಅದೇ ಹೊತ್ತಿಗೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ಬಂತು. ಅದರ ಎಡಗಡೆಯ ಮನೆಗಳಲ್ಲೇ ಬೇಸ್ ನುಡಿಯತೊಡಗಿ ಬೇಸ್ ಗಿಟಾರಿನವರಿಗೆ ಕರೆ ಕಡಿಮೆಯಾಯಿತು. ಗಿಟಾರು ಅಟ್ಟ ಸೇರಿತು. ಯಾವುದು ಮೊದಲು ಯಾವುದು ನಂತರ ಎಂದು ನಾವು ಕೇಳಿದ್ದಕ್ಕೆ ಅವರು ಉತ್ತರಿಸಲಿಲ್ಲ.

ತಂತಿವಾದ್ಯ ಹರಾಮೇ ಎಂಬ ಪ್ರಶ್ನೆಗೆ ಫತ್ವಾ ಕೊಡುವ ಯೋಗ್ಯತೆ ನಮಗಿಲ್ಲ. ಚರಿತ್ರೆ ಓದುವವರಾಗಿ ಹೇಳಬಹುದಾದದ್ದು ಇಷ್ಟು: ಈ ಪ್ರಶ್ನೆಗೆ ನಮ್ಮ ಪೂರ್ವಿಕರು ಒಂದೇ ಉತ್ತರ ಕೊಟ್ಟಿಲ್ಲ. ನಿಷೇಧಿಸಿದ ಉಲಮಾಗಳ ಸಂಖ್ಯೆ ದೊಡ್ಡದೆಂಬುದು ನಿಜ. ಇಮಾಮ್ ಗಝ್ಝಾಲಿ ತಂತಿವಾದ್ಯ ಬೇಡವೆಂದರು. ಆದರೆ ಅವರು ಕೊಟ್ಟ ಕಾರಣ ಗಮನಾರ್ಹ. ಇಂಪಾಗಿದೆ ಎಂಬುದು ದೋಷವಲ್ಲ, ಹಾಗಿದ್ದರೆ ಹಕ್ಕಿಯ ದನಿಯೂ ನಿಷಿದ್ಧವಾಗಬೇಕಿತ್ತು. ಆ ಕಾಲದಲ್ಲಿ ಅವು ಕುಡುಕರ ಕೂಟದ ಗುರುತಾಗಿದ್ದವು, ದೋಷ ಆ ಸಹವಾಸದ್ದು. ಕಾರ್ಡೊಬಾದ ಇಬ್ನ್ ಹಝ್ಮ್ ಇನ್ನೂ ಮುಂದೆ ಹೋಗಿ, ವಾದ್ಯವನ್ನು ನಿಷೇಧಿಸುವ ಹದೀಸುಗಳ ಆಧಾರ ಗಟ್ಟಿಯಿಲ್ಲವೆಂದು ವಾದಿಸಿದರು. ಸಹಾಬಿ ಅಬೂ ಮೂಸಾ ಅಶ್ಅರಿಯವರ ಕುರ್‌ಆನ್ ಪಠಣವನ್ನು ಮೆಚ್ಚಿದ ಪ್ರವಾದಿಯವರು (ಸ) ಅದನ್ನು ದಾವೂದರ ಮನೆತನದ ‘ಮಿಝ್ಮಾರ್’ಗೆ ಹೋಲಿಸಿದರೆಂದು ಬುಖಾರಿಯಲ್ಲಿದೆ. ಮಿಝ್ಮಾರ್ ಎಂದರೆ ಊದುವ ವಾದ್ಯ. ಅಲ್ಲಿ ಅದರ ಅರ್ಥ ಇಂಪಾದ ಕಂಠ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇರಲಿ, ಹೋಲಿಕೆಗೆ ಬಂದದ್ದು ವಾದ್ಯದ ಹೆಸರೇ.

ನಮ್ಮ ನಾಡಿನಲ್ಲೂ ಅಷ್ಟೇ. ಕಲಬುರಗಿಯ ಬಂದೇ ನವಾಜರು ಸಮಾವನ್ನು ಪ್ರೀತಿಸಿದವರು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ‘ಕಿತಾಬೆ ನೌರಸ್’ ಬರೆದದ್ದಷ್ಟೇ ಅಲ್ಲ, ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು ಮನುಷ್ಯರಂತೆ ನಡೆಸಿಕೊಂಡ. ಸಂಗ್ರಾಹಕರ ಹುಚ್ಚೆಂದರೆ ಇದೇ. ಜಾಕೊ ತನ್ನ ಬೇಸಿಗೂ ‘ಪ್ರಳಯದ ಬೇಸ್’ ಎಂಬರ್ಥದ ಹೆಸರಿಟ್ಟಿದ್ದ. ಆದಿಲಶಾಹಿಯ ಗಡಿ ನಾಡಾದ ಮಿರಜಿನಲ್ಲಿ ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸಲ್ಮಾನರು 19ನೆಯ ಶತಮಾನದಲ್ಲಿ, ಯುದ್ಧಗಳು ನಿಂತು ಆಯುಧದ ಕೆಲಸ ಇಲ್ಲದಾದಾಗ, ಸೋರೆಬುರುಡೆ ಕೊರೆದು ತಂಬೂರಿ, ಸಿತಾರ ಮಾಡತೊಡಗಿದರು. ಕರ್ನಾಟಕದ ಎಷ್ಟೋ ಗಾಯಕರ ಮನೆಯ ತಂಬೂರಿ ಅಲ್ಲಿಯದೇ. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದೇ ಊರಿನ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ.

ಇಂದು ಪರದೆ ಇಲ್ಲದ ಬೇಸುಗಳನ್ನು ಹುಡುಕಿ ಕೂಡಿಡುವವರು ಜಗತ್ತಿನಾದ್ಯಂತ ಇದ್ದಾರೆ. ಒಂದು ಸಾಲದೇ ಎಂದು ಹೆಂಡತಿಯರು ಕೇಳುವ ಪ್ರಶ್ನೆಗೆ ಅವರ ಬಳಿ ಉತ್ತರವಿದೆ. ಪಟ್ಟಿ ಇರುವ ವಾದ್ಯದಲ್ಲಿ ನಾದ ಲೋಹದ್ದು. ಇಲ್ಲಿ ನಾದ ಮರದ್ದು, ಹಾಗಾಗಿ ಒಂದರಂತೆ ಇನ್ನೊಂದು ನುಡಿಯುವುದಿಲ್ಲ. ಕರಿಮರದ ಹಲಗೆಯದು ಚುರುಕು, ಬೀಟೆಯದು ಮೃದು. ಗೆರೆ ಎಳೆದಿರುವುದು ಒಳ್ಳೆಯದೋ ನುಣ್ಣಗಿರುವುದು ಒಳ್ಳೆಯದೋ ಎಂಬ ಜಗಳವೂ ಅವರಲ್ಲುಂಟು. ಗೆರೆ ಬೇಕೆನ್ನುವವರನ್ನು ಇನ್ನೊಂದು ಪಂಗಡ ಕಾಪಿ ಹೊಡೆಯುವ ಹುಡುಗರಂತೆ ಕಾಣುತ್ತದೆ. ಈ ಬೀಟೆಯಲ್ಲಿ ನಮ್ಮ ಪಾಲೂ ಇದೆ. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಗಿಟಾರು ತಯಾರಕರು ಭಾರತದ ಬೀಟೆಗೆ ತಿರುಗಿದರು. ಅದು ಬೆಳೆಯುವುದು ನಮ್ಮ ಪಶ್ಚಿಮಘಟ್ಟದಲ್ಲಿ. 2017ರಲ್ಲಿ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರ ನಿರ್ಬಂಧಕ್ಕೆ ಒಳಗಾಯಿತು, ಸಿದ್ಧ ಸಂಗೀತವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅದೇ 2019ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಎಂಬ ಸಂಗೀತ ವಸ್ತುಸಂಗ್ರಹಾಲಯ ತೆರೆಯಿತು. ವಾದ್ಯಗಳನ್ನು ಗಾಜಿನ ಹಿಂದೆ ಚೆನ್ನಾಗಿ ಜೋಡಿಸಿಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ. ಆದರೆ ಪರದೆ ಇಲ್ಲದ ವಾದ್ಯವನ್ನು ಗಾಜಿನ ಹಿಂದೆ ಕಂಡಾಗ ಅದರ ಅರ್ಧ ಭಾಗ ಅಲ್ಲಿಲ್ಲವೆನಿಸುತ್ತದೆ. ಸ್ವರದ ಜಾಗ ವಾದ್ಯದ ಮೇಲೆ ಬರೆದಿಲ್ಲ, ನುಡಿಸಿದವನ ಬೆರಳಿನಲ್ಲಿತ್ತು.

ಮದುವೆಯ ಮರುದಿನ ಮನೆ ಖಾಲಿಯಾದ ಮೇಲೆ ಮಾಮು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಆಂಪ್ಲಿಫೈಯರ್ ಇರಲಿಲ್ಲ. ಅದಿಲ್ಲದೆ ಈ ವಾದ್ಯ ಸೊಳ್ಳೆಯಷ್ಟೂ ಸದ್ದು ಮಾಡದು. ಅವರು ಕುರ್ಚಿಯನ್ನು ಎಳೆದುಕೊಂಡು, ಗಿಟಾರಿನ ತಲೆಯನ್ನು ಮರದ ಬೀರುವಿನ ಬಾಗಿಲಿಗೆ ತಾಗಿಸಿದರು. ತಂತಿ ಮೀಟಿದಾಗ ಇಡೀ ಬೀರು ಗುಂಯ್ ಎಂದಿತು, ಒಳಗಿನ ಪಿಂಗಾಣಿ ತಟ್ಟೆಗಳು ಅಲುಗಿದವು. ಹಳೆಯ ಕಾಲದ ಕಾಯಂ ಉಪಾಯವಂತೆ, ರಾತ್ರಿ ಯಾರಿಗೂ ಎಚ್ಚರವಾಗದಂತೆ ಅಭ್ಯಾಸ ಮಾಡಲು. ನಾವು ಬೀರುವಿಗೆ ಕಿವಿ ಇಟ್ಟು ಕೇಳಿದೆವು. ಮೊದಮೊದಲು ಬೆರಳು ತಪ್ಪುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು ಒಂದೇ ಜಾಗದಲ್ಲಿ ಬೆರಳನ್ನು ಹಿಂದೆ ಮುಂದೆ ಉರುಳಿಸುತ್ತಾ ಹೋದರು. ಗಂಧಾರವನ್ನು ಹುಡುಕುತ್ತಿದ್ದರೆಂದು ತೋರುತ್ತದೆ.

“ಇಲ್ಲೇ ಎಲ್ಲೋ ಇತ್ತು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹಾಂ.”

ಹುಡುಗರು ಅದನ್ನು ಹಳೆ ಸಾಮಾನಿನವನಿಗೆ ಕೊಡುವ ಮಾತಾಡುತ್ತಿದ್ದಾರೆಂದು ಅವರಿಗೆ ತಿಳಿದಿತ್ತು. ಆ ಬಗ್ಗೆ ಏನೂ ಹೇಳಲಿಲ್ಲ. ನಾವು ಹೊರಡುವಾಗ ಬಾಗಿಲವರೆಗೆ ಬಂದು, “ಬೆಂಗಳೂರಿಗೆ ಹೋಗುತ್ತೀಯಲ್ಲ ಬೇಟಾ, ಒಂದು ಜೊತೆ ತಂತಿ ತಂದುಕೊಡು. ಚಪ್ಪಟೆ ಸುತ್ತಿನದೇ ಇರಲಿ, ದುಂಡನೆಯದು ಬೇಡ. ದುಂಡನೆಯದು ಎಂಸೀಲನ್ನೆಲ್ಲ ತಿಂದುಹಾಕುತ್ತದೆ” ಎಂದರು.